ಎರಡು ಐವತ್ತೆರಡರ ಲೆಕ್ಕ

1714ರಲ್ಲಿ ಹ್ಯಾಂಬರ್ಗಿನ ಶಾಲಾ ಮುಖ್ಯಸ್ಥ ಯೋಹಾನ್ ಹ್ಯೂಬ್ನರ್ ಬೈಬಲಿನ 104 ಕಥೆಗಳನ್ನು ಆರಿಸಿ ಮಕ್ಕಳಿಗಾಗಿ ಪುಸ್ತಕ ಮಾಡಿದರು. ಹಳೆಯ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52. ವರ್ಷದ ವಾರಗಳೆಷ್ಟೋ ಅಷ್ಟು. ಪ್ರತಿ ಕಥೆಯ ಬೆನ್ನಿಗೆ ಪ್ರಶ್ನೆಗಳು, ನೀತಿಪಾಠ, ಪದ್ಯ. ಶತಮಾನ ದಾಟಿದ ಮೇಲೆ, 1832ರಲ್ಲಿ, ವ್ಯುರ್ಟೆಂಬರ್ಗ್ ಸೀಮೆಯ ಮ್ಯೋಟ್ಲಿಂಗನ್ ಹಳ್ಳಿಯ ಪಾದ್ರಿ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ಟ್ ಅದೇ ಲೆಕ್ಕವನ್ನು ಉಳಿಸಿಕೊಂಡು ಶಾಲೆಗೂ ಮನೆಗೂ ಒದಗುವ ಹೊಸ ಪುಸ್ತಕ ತಂದರು. ಅದು 400ಕ್ಕೂ ಹೆಚ್ಚು ಮುದ್ರಣ ಕಂಡಿತು, ಹತ್ತಾರು ಭಾಷೆಗಳಿಗೆ ಹೋಯಿತು. ಕಥೆ ಬೈಬಲಿನದು, ಚೌಕಟ್ಟು ಹ್ಯೂಬ್ನರ್ ಅವರದು. ಹಾಗಾದರೆ ಬಾರ್ಟ್ ಅವರ ಪಾಲೇನು?

ಪುಸ್ತಕವನ್ನು ಬಡವರ ಮಗುವಿನ ಕೈಗೆ ಎಟುಕಿಸಿದ್ದೇ ಅವರ ಪಾಲು. ಮಕ್ಕಳ ಲೇಖಕನ ಕೆಲಸದಲ್ಲಿ ಅದು ಬರವಣಿಗೆಯಷ್ಟೇ ದೊಡ್ಡದೆಂದು ನನ್ನ ವಾದ. ಕಥೆಗಳನ್ನು ಅವರು ಚಿಕ್ಕದಾಗಿ ಹೇಳಿದರು, ಮರದಚ್ಚಿನ ಚಿತ್ರಗಳನ್ನು ಸೇರಿಸಿದರು. ಮರುವರ್ಷವೇ, 1833ರಲ್ಲಿ, ಕಾಲ್ವ್ ಪಟ್ಟಣದಲ್ಲಿ ಪ್ರಕಾಶನ ಸಂಘ ಕಟ್ಟಿದರು. ಒಳ್ಳೆಯ ಶಾಲಾಪುಸ್ತಕ ಅಗ್ಗದ ಬೆಲೆಗೆ ಸಿಗಬೇಕೆಂಬುದೇ ಸಂಘದ ಗುರಿ. 1836ರಿಂದ ಮಕ್ಕಳ ಪತ್ರಿಕೆಯೂ ಬಂತು. ಕೊನೆಗೆ 1838ರಲ್ಲಿ ಹಳ್ಳಿಯ ಪಾದ್ರಿ ಹುದ್ದೆಯನ್ನೇ ಬಿಟ್ಟು, ಈ ಕೆಲಸಕ್ಕಾಗಿ ಕಾಲ್ವಿನಲ್ಲಿ ನೆಲೆಸಿದರು. ಜೀವನಾಧಾರವಾಗಿದ್ದ ಹುದ್ದೆ ತೊರೆಯುವಷ್ಟು ಮಕ್ಕಳ ಪುಸ್ತಕವನ್ನು ಮುಖ್ಯವೆಂದು ಬಗೆದ ಈ ನಿರ್ಧಾರಕ್ಕೆ ನಾನು ತಲೆಬಾಗುತ್ತೇನೆ.

ಪುಸ್ತಕ ಇಷ್ಟು ಹರಡಿದ್ದು ಕ್ರೈಸ್ತ ಮಿಷನ್‌ಗಳ ಜಾಲದ ಬಲದಿಂದ, ಪುಸ್ತಕದ ಗುಣದಿಂದಲ್ಲ ಎನ್ನಬಹುದು. ಜಾಲ ಇದ್ದದ್ದು ನಿಜ. ಮಿಷನ್ ಪತ್ರಿಕೆ ನಡೆಸುತ್ತಿದ್ದ ಬಾರ್ಟ್ ಮತಪ್ರಸಾರದ ಉದ್ದೇಶವನ್ನು ಮುಚ್ಚಿಟ್ಟವರೂ ಅಲ್ಲ. ಪರಧರ್ಮದ ಮಕ್ಕಳ ಮುಂದೆ ಇಂಥ ಪುಸ್ತಕ ಇಟ್ಟದ್ದನ್ನು ಪ್ರಶ್ನಿಸುವವರ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಜಾಲ ಹೊತ್ತ ಎಷ್ಟೋ ಪುಸ್ತಕಗಳು ಒಂದು ತಲೆಮಾರಿಗೇ ನಿಂತವು. ಇದು ಉಳಿದದ್ದಕ್ಕೆ ಮೇಷ್ಟರ ವಾರದ ಪಾಠಕ್ಕೆ ಹೊಂದುವ ಅಳತೆ, ಚಿತ್ರ, ಬೆಲೆ ಮೂರೂ ಕಾರಣ. ಆ ಜಾಲದ ಎಳೆ ನಮ್ಮ ಕಡೆಗೂ ಚಾಚಿತ್ತು. 1862ರಲ್ಲಿ ಬಾರ್ಟ್ ತೀರಿಕೊಂಡಾಗ ಸಂಘದ ಹೊಣೆ ಹೊತ್ತವರು ಹರ್ಮನ್ ಗುಂಡರ್ಟ್. ಅದಕ್ಕೂ ಮೊದಲು ಬಾಸೆಲ್ ಮಿಷನ್ನಿನ ಕೆಲಸಕ್ಕೆ ತಲಶ್ಶೇರಿಯಲ್ಲಿ ನೆಲೆಸಿ, ಶಾಲೆಗಳನ್ನು ನಡೆಸಿ, 1847ರಲ್ಲಿ ಮಲಯಾಳಂ ಪತ್ರಿಕೆ ಹೊರಡಿಸಿದವರು. ಅವರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಆಗ ಗುಂಡರ್ಟ್ ಕಾಲ್ವಿನಲ್ಲಿ ಬಾರ್ಟ್ ಅವರ ಸಂಘವನ್ನು ನಡೆಸುತ್ತಿದ್ದರು.