ಅಜ್ಜಿಯ ತೋಳಿನ ಗುರುತು

ಊರಿನಿಂದ ನಮ್ಮ ತಾಯಿಯವರು ಮುಂಬಯಿಗೆ ಬಂದಾಗಲೆಲ್ಲ ಮಗಳಿಗೆ ಅವರ ತೋಳಿನ ಮೇಲಿನ ದುಂಡನೆಯ ಗುರುತಿನದೇ ಕುತೂಹಲ. “ಇದು ದೇವಿ ಹಾಕಿದ್ದು ಕಣೇ” ಎಂದು ಅಜ್ಜಿ ಹೇಳುತ್ತಾರೆ. ದೇವಿ ಏಕೆ ತೋಳಿನ ಮೇಲೆ ಗುರುತು ಹಾಕಬೇಕೆಂಬುದು ಮಗುವಿನ ಪ್ರಶ್ನೆ. ಭಾರತದಲ್ಲಿ ಸಿಡುಬು ಕೊನೆಯ ಬಾರಿ ಕಂಡದ್ದು 1975ರಲ್ಲಿ. ಜಗತ್ತಿನಿಂದಲೇ ತೊಲಗಿತೆಂದು ಸಾರಿದ್ದು 1980ರಲ್ಲಿ. ಆದುದರಿಂದ ನಮ್ಮ ವಯಸ್ಸಿನವರ ತೋಳಿನಲ್ಲಿ ಆ ಗುರುತಿಲ್ಲ. ಅದರ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ವಾಸವಾಗಿರುವ ಈ ಮುಂಬಯಿಯಲ್ಲಿಯೇ ಎಂಬುದು ನಮಗೂ ಈಚೆಗೆ ತಿಳಿಯಿತು.

ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಹಸು-ಸಿಡುಬಿನ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಹಾಕಿದರು. ಆ ಹುಡುಗನಿಗೆ ಮುಂದೆ ಸಿಡುಬು ತಗುಲಲಿಲ್ಲ. ಅವರ ಲೇಖನವನ್ನು ರಾಯಲ್ ಸೊಸೈಟಿ ಪ್ರಕಟಿಸಲಿಲ್ಲ. 1798ರಲ್ಲಿ ತಮ್ಮ ಖರ್ಚಿನಲ್ಲಿಯೇ ತೆಳ್ಳನೆಯ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಕೆಲವೇ ವರ್ಷಗಳಲ್ಲಿ ಅದು ಯೂರೋಪನ್ನೆಲ್ಲ ಸುತ್ತಿತು.

ಪುಸ್ತಕ ಹಡಗಿನಲ್ಲಿ ಬಂದೀತು, ಆದರೆ ಔಷಧ ಬರುವುದು ಹೇಗೆ? ಗಾಜಿನ ನಡುವೆ ಒಣಗಿಸಿದ ರಸ ನಮ್ಮ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಆಗ ಉಳಿದದ್ದು ಮಕ್ಕಳ ತೋಳು. ಒಂದು ಮಗುವಿಗೆ ಹಾಕುವುದು, ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ಮಾಗಿದಾಗ ಅದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ ಹೀಗೆ ಸಾಗಿದ ರಸ ಮುಂಬಯಿ ಸೇರಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು ಫಲಿಸಿತು. ಭಾರತದಲ್ಲಿ ಫಲಿಸಿದ ಮೊದಲ ದಾಕು ಅದೇ. ಪುಣೆ, ಹೈದರಾಬಾದು, ಮದರಾಸುಗಳಿಗೆ ರಸ ಹರಡಿದ್ದು ಆ ಪುಟ್ಟ ತೋಳಿನಿಂದ.

ಜನ ಮಾತ್ರ ಹಿಂಜರಿದರು. ಅದನ್ನು ಮೌಢ್ಯವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಯಾರದೋ ಮಗುವಿನ ಗುಳ್ಳೆಯ ರಸವನ್ನು, ಜಾತಿ ಕುಲ ಯಾವುದೆಂದು ತಿಳಿಯದೆ, ತನ್ನ ಕೂಸಿನ ರಕ್ತಕ್ಕೆ ಸೇರಿಸಲು ಆ ಕಾಲದ ಯಾವ ತಾಯಿ ಒಪ್ಪಿಯಾಳು? ಮೇಲಾಗಿ ನಮ್ಮಲ್ಲಿಯೇ ಒಂದು ವಿಧಾನವಿತ್ತು. ಬಂಗಾಳದಲ್ಲಿ ಟೀಕಾ ಹಾಕುವವರು ವಸಂತಕಾಲಕ್ಕೆ ಊರೂರು ತಿರುಗಿ, ಮನುಷ್ಯರ ಸಿಡುಬಿನ ಕೀವನ್ನೇ ಅಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ಸೇರಿಸಿ, ಪಥ್ಯ ಹೇಳಿ, ದೇವಿಗೆ ಪೂಜೆ ಮಾಡಿಸುತ್ತಿದ್ದರು. ಅಪಾಯವಿತ್ತು, ಆದರೆ ಫಲವೂ ಇತ್ತು. ಹಾಲ್ವೆಲ್ ಎಂಬಾತ 1767ರಲ್ಲಿಯೇ ಇದನ್ನು ಲಂಡನ್ನಿನ ವೈದ್ಯರಿಗಾಗಿ ಬರೆದು ಪ್ರಕಟಿಸಿದ್ದನು.

ಇನ್ನು ಜನರನ್ನು ಒಪ್ಪಿಸುವ ಬಗೆ. ಮದರಾಸಿನ ಕಲೆಕ್ಟರಾಗಿದ್ದ ಎಲ್ಲಿಸ್ ಎಂಬವರು ಧನ್ವಂತರಿಯ ಹೆಸರಿನಲ್ಲಿ ಪುರಾಣದ ಧಾಟಿಯ ಒಂದು ಕಥೆಯನ್ನೇ ಹೊಸೆದರು. ಕನ್ನಡ, ತೆಲುಗು, ತಮಿಳುಗಳು ಒಂದೇ ಕುಟುಂಬದವೆಂದು 1816ರಲ್ಲಿ ಬರೆದು ತೋರಿಸಿದ ಪಂಡಿತರೂ ಇವರೇ. 1819ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ, ಹಸುವಿನ ಕೆಚ್ಚಲಿನ ಗುಳ್ಳೆಯಿಂದ ದಾಕು ಹಾಕುವ ವಿಧಾನ ಧನ್ವಂತರಿಯ ಪ್ರಾಚೀನ ಗ್ರಂಥದಲ್ಲಿಯೇ ಇದೆಯೆಂಬ ಬರಹ ಬಂತು. ಅದನ್ನು ನಂಬಿ ಬರೆದವರು ಮುಂದೆ ನೂರು ವರ್ಷ ಕಳೆದರೂ ಇದ್ದರು. ಚರಕ ಸುಶ್ರುತರಲ್ಲಿ ಅಂಥ ವಿಧಾನವಿಲ್ಲ. ಹಿಂದಿನ ತಾರೀಖು ಹಾಕಿದ ಕಾಗದವನ್ನು ಕಚೇರಿಯಲ್ಲಿ ಕಂಡು ಪಳಗಿದ ನಮ್ಮಂಥ ಗುಮಾಸ್ತರಿಗೆ ಇದರ ವಾಸನೆ ಬೇಗ ತಿಳಿಯುತ್ತದೆ. ಮಕ್ಕಳ ಪ್ರಾಣ ಉಳಿಸಲೆಂದೇ ಎಲ್ಲಿಸ್ ಕಥೆ ಕಟ್ಟಿದ್ದು ನಿಜ. ಆದರೂ ಟೀಕಾದವರ ನಿಜವಾದ ವಿದ್ಯೆ ಮರೆತುಹೋಗಿ, ಇಲ್ಲದ ಗ್ರಂಥಕ್ಕೆ ಮರ್ಯಾದೆ ಸಂದದ್ದು ನಮಗೆ ಸರಿಕಾಣದು.

ನಮ್ಮ ಮೈಸೂರಿನಲ್ಲಿ ಆದದ್ದೇ ಬೇರೆ. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಬಹುಕಾಲ ಅವರನ್ನು ನರ್ತಕಿಯರೆಂದು ಎಣಿಸಿದ್ದರಂತೆ. ಇವರು ಅರಮನೆಯವರು, ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಕೆ ಸೀರೆಯ ಸೆರಗನ್ನು ಸರಿಸಿ ತೋಳು ತೋರುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು ಕಾಣಿಸಲಿಕ್ಕೆ ಎಂಬುದು ಅವರ ಅಭಿಪ್ರಾಯ. ರಾಣಿ ಹಾಕಿಸಿಕೊಂಡುದನ್ನು ಕಂಡು ಜನರೂ ಮುಂದೆ ಬಂದರೆಂದು 1806ರ ದಾಖಲೆಯೊಂದು ಹೇಳುತ್ತದೆ. ಅಲ್ಲಿ ಶ್ಲೋಕವಿಲ್ಲ, ಗ್ರಂಥವಿಲ್ಲ. ಹೆಣ್ಣುಮಗಳೊಬ್ಬಳ ತೋಳು ಮಾತ್ರ.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವ ಹೊತ್ತಿಗೆ ಅವಳು ಅಜ್ಜಿಯ ರವಿಕೆಯ ತೋಳನ್ನು ಮೇಲೆ ಸರಿಸಿ, ರಾಣಿಯ ಗುರುತೂ ಇಷ್ಟೇ ದೊಡ್ಡದಿತ್ತೇ ಎಂದು ಬೆರಳಿನಿಂದ ಅಳೆಯುತ್ತಿದ್ದಳು.