ನಿವೃತ್ತಿ ಉಳಿತಾಯ ಮತ್ತು ಸ್ಥಿರಾಸ್ತಿ ಹೂಡಿಕೆ

ನಿವೃತ್ತಿ ಉಳಿತಾಯದ ಸ್ಥಿರಾಸ್ತಿ ಹೂಡಿಕೆ ಎಂದರೆ ವೃದ್ಧಾಪ್ಯಕ್ಕಾಗಿ ಕೂಡಿಟ್ಟ ಹಣದಿಂದ ನಿವೇಶನ, ಮನೆ, ಕೃಷಿ ಜಮೀನು ಮೊದಲಾದವುಗಳನ್ನು ಕೊಳ್ಳುವುದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಉದಾಹರಣೆಗಳೊಂದಿಗೆ ಈ ಹೂಡಿಕೆಯ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

ಸ್ವಯಂ ನಿರ್ದೇಶಿತ ಖಾತೆ

ಅಮೆರಿಕದಲ್ಲಿ 1974ರ ಕಾನೂನಿನ ಮೂಲಕ ವೈಯಕ್ತಿಕ ನಿವೃತ್ತಿ ಖಾತೆಗಳು ಜಾರಿಗೆ ಬಂದವು. ಇವುಗಳಲ್ಲಿ ಸ್ವಯಂ ನಿರ್ದೇಶಿತ ಬಗೆಯ ಖಾತೆಯು ತನ್ನ ಹೆಸರಿನಲ್ಲಿಯೇ ಸ್ಥಿರಾಸ್ತಿಯನ್ನು ಹೊಂದಬಹುದು. ಬಾಡಿಗೆಯು ಖಾತೆಗೇ ಸೇರಬೇಕು. ಖಾತೆದಾರರಾಗಲಿ, ಅವರ ಪತಿ ಅಥವಾ ಪತ್ನಿ, ತಂದೆತಾಯಿ, ಮಕ್ಕಳಾಗಲಿ ಆ ಮನೆಯಲ್ಲಿ ವಾಸಿಸುವಂತಿಲ್ಲ.

ಭಾರತದಲ್ಲಿ ಇಂತಹ ಖಾತೆ ಇಲ್ಲ. ಇಲ್ಲಿ ಹಣವನ್ನು ನಿಧಿಯಿಂದ ಹೊರತೆಗೆದು ಆಸ್ತಿ ಕೊಳ್ಳಬೇಕಾಗುತ್ತದೆ. 1952ರ ಭವಿಷ್ಯ ನಿಧಿ ಕಾಯ್ದೆಯ 10ನೇ ಪ್ರಕರಣದ ಪ್ರಕಾರ ನಿಧಿಯಲ್ಲಿರುವ ಹಣವನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. ಕೊಂಡ ಆಸ್ತಿಗೆ ಈ ರಕ್ಷಣೆ ಇಲ್ಲ; ಅದರ ಹಕ್ಕುಪತ್ರಗಳನ್ನು ಪರಿಶೀಲಿಸುವ ಹೊಣೆಯೂ ಕೊಳ್ಳುವವರದೇ.

ಹಣ ಹಿಂಪಡೆಯುವ ಅವಕಾಶ

ನೌಕರರ ಭವಿಷ್ಯ ನಿಧಿ ಯೋಜನೆಯ 68-ಬಿ ಕಂಡಿಕೆಯು ಐದು ವರ್ಷಗಳ ಸದಸ್ಯತ್ವದ ನಂತರ ನಿವೇಶನಕ್ಕೆ 24 ತಿಂಗಳ, ಮನೆಗೆ 36 ತಿಂಗಳ ವೇತನದ ಮಿತಿಯಲ್ಲಿ ಹಣ ಪಡೆಯಲು ಅವಕಾಶ ನೀಡಿತ್ತು. 2025ರ ಅಕ್ಟೋಬರ್‌ನಲ್ಲಿ ನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿಯು ಭಾಗಶಃ ಹಿಂಪಡೆಯುವಿಕೆಯ 13 ನಿಯಮಗಳನ್ನು ಮೂರು ವರ್ಗಗಳಾಗಿ ಸರಳಗೊಳಿಸಲು ತೀರ್ಮಾನಿಸಿತು. ಅವುಗಳಲ್ಲಿ ವಸತಿಯೂ ಒಂದು. ಕನಿಷ್ಠ ಸೇವಾವಧಿಯನ್ನು 12 ತಿಂಗಳಿಗೆ ಇಳಿಸಿ, ಶೇ. 25ರಷ್ಟು ಮೊತ್ತವನ್ನು ಖಾತೆಯಲ್ಲಿ ಉಳಿಸಬೇಕೆಂದೂ ನಿರ್ಧರಿಸಲಾಯಿತು. ವಸತಿ ವರ್ಗದ ಸೌಲಭ್ಯವು ವಸತಿಗೆ ಮಾತ್ರ. ಅಡಿಕೆ ತೋಟ ಅಥವಾ ಹೊಲ ಕೊಳ್ಳಲು ಅಲ್ಲ.

ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಂದು ಅಥವಾ ನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಒಳಪಟ್ಟರು. ಇದರಲ್ಲಿ ಮನೆಗಾಗಿ ಸ್ವಂತ ವಂತಿಗೆಯ ಶೇ. 25ರವರೆಗೆ ಹಿಂಪಡೆಯಬಹುದು.

ಕೃಷಿ ಜಮೀನು

ಕರ್ನಾಟಕ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಪ್ರಕರಣಗಳನ್ನು 2020ರಲ್ಲಿ ರದ್ದುಪಡಿಸಿದ್ದರಿಂದ ಕೃಷಿಕರಲ್ಲದ ನಿವೃತ್ತರೂ ಜಮೀನು ಕೊಳ್ಳಬಹುದಾಗಿದೆ. ಅನಿವಾಸಿ ಭಾರತೀಯರು ಮಾತ್ರ ಕೃಷಿ ಭೂಮಿಯನ್ನು ಉತ್ತರಾಧಿಕಾರದಿಂದ ಪಡೆಯಬಹುದೇ ಹೊರತು ಕ್ರಯಕ್ಕೆ ಕೊಳ್ಳುವಂತಿಲ್ಲ.

ಚನ್ನಗಿರಿ ತಾಲ್ಲೂಕು ಅಡಿಕೆ ಬೆಳೆಗೆ ಹೆಸರಾಗಿದೆ. ಆದರೆ ಹೊಸದಾಗಿ ನೆಟ್ಟ ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. 60ನೇ ವಯಸ್ಸಿನಲ್ಲಿ ಸಸಿ ನೆಟ್ಟವರು ಅಷ್ಟು ಕಾಲ ಬೇರೆ ಆದಾಯವನ್ನು ಅವಲಂಬಿಸಬೇಕಾಗುತ್ತದೆ. ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ, ಬರಕ್ಕೆ ತುತ್ತಾಗುವ ಜಗಳೂರಿನಲ್ಲಿ ಜಮೀನಿನ ಆದಾಯ ನೀರಿನ ಲಭ್ಯತೆಯನ್ನು ಅವಲಂಬಿಸಿದೆ.

ದಾಖಲೆಗಳ ಪರಿಶೀಲನೆ

* ಪಹಣಿ, ಮ್ಯುಟೇಶನ್ ಮತ್ತು ಋಣಭಾರ ಪತ್ರಗಳಿಂದ ಮಾಲೀಕತ್ವ, ಸಾಲ ಮತ್ತು ಹಿಂದಿನ ಕ್ರಯಗಳು ತಿಳಿಯುತ್ತವೆ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕಾದುದರಿಂದ ಅಲ್ಲಿನ ಹಳೆಯ ಪತ್ರಗಳಲ್ಲಿ ಹೊನ್ನಾಳಿ ತಾಲ್ಲೂಕೆಂದೇ ನಮೂದಾಗಿರುತ್ತದೆ.
* ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಅಂತಹ ಕ್ರಯ ಅಸಿಂಧುವಾಗಿದ್ದು, ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ಆದ್ದರಿಂದ ಮೂಲ ಮಂಜೂರಾತಿ ಆದೇಶವನ್ನು ನೋಡುವುದು ಅತ್ಯಗತ್ಯ.
* ನಿವೇಶನವಾದರೆ ಭೂಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ ಮತ್ತು ಇ-ಖಾತೆ ಇರಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಹೊಸ ಬಡಾವಣೆಯನ್ನು ಮಾರಾಟಕ್ಕೆ ಮುನ್ನ ರೇರಾದಲ್ಲಿ ನೋಂದಾಯಿಸಬೇಕು.

ಪರ್ಯಾಯ ಮಾರ್ಗ

ಸೆಬಿಯ 2014ರ ನಿಯಮಗಳಡಿ ಸ್ಥಾಪನೆಯಾಗುವ ರೀಟ್‌ಗಳು ಕಟ್ಟಡಗಳ ಬಾಡಿಗೆ ಆದಾಯವನ್ನು ಹೂಡಿಕೆದಾರರಿಗೆ ಹಂಚುತ್ತವೆ. ದೇಶದ ಮೊದಲ ರೀಟ್ ಆದ ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ಷೇರುಪೇಟೆಯಲ್ಲಿ ನೋಂದಣಿಯಾಯಿತು. ಇವುಗಳ ಬೆಲೆಯಲ್ಲಿ ಏರಿಳಿತವಿರುತ್ತದೆ. ಆದರೆ ಚಿಕಿತ್ಸೆಯಂತಹ ತುರ್ತು ಬಂದಾಗ ಬೇಕಾದಷ್ಟು ಯೂನಿಟ್‌ಗಳನ್ನು ಮಾತ್ರ ಮಾರಬಹುದು; ಮನೆ ಅಥವಾ ನಿವೇಶನದಲ್ಲಿ ಇದು ಸುಲಭವಲ್ಲ.