ಕಡಲ ದುರಂತದ ಚಿತ್ರವೂ ಮೀನುಗಾರರ ಧೈರ್ಯವೂ

ನಮ್ಮ ಆದವಾನಿಯ ಮಕ್ಕಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ವಿರಳ. ಮಂತ್ರಾಲಯದ ಬಳಿ ಹರಿಯುವ ತುಂಗಭದ್ರೆಯೇ ನಮಗೆ ಹಿರಿಯ ಜಲರಾಶಿ. ಆದುದರಿಂದ ಕಡಲಿನ ರೌದ್ರವನ್ನು ನಾವು ಬಹುಮಟ್ಟಿಗೆ ಚಲನಚಿತ್ರಗಳಿಂದಲೇ ಅರಿಯುತ್ತೇವೆ. ೨೦೦೦ನೆಯ ಇಸವಿಯಲ್ಲಿ ತೆರೆಕಂಡ, ವೂಲ್ಫ್‌ಗ್ಯಾಂಗ್ ಪೀಟರ್ಸನ್ನರು ನಿರ್ದೇಶಿಸಿದ ‘ದಿ ಪರ್ಫೆಕ್ಟ್ ಸ್ಟಾರ್ಮ್’ ಅಂತಹುದೊಂದು ಚಿತ್ರ.

ಅದರ ಮೂಲ ನಿಜವಾಗಿ ನಡೆದ ಘಟನೆ. ೧೯೯೧ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಗ್ಲಾಸ್ಟರ್ ಬಂದರಿನಿಂದ ‘ಆಂಡ್ರಿಯಾ ಗೇಲ್’ ಎಂಬ ದೋಣಿಯಲ್ಲಿ ಆರು ಮಂದಿ ಮೀನು ಹಿಡಿಯಲು ಹೊರಟರು. ಅಕ್ಟೋಬರಿನ ಕೊನೆಯಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ವಾಯುಭಾರ ಕುಸಿಯಿತು. ಉತ್ತರದ ಶೀತವಾಯುವೂ ‘ಗ್ರೇಸ್’ ಚಂಡಮಾರುತದ ತೇವವೂ ಅದನ್ನು ಕೂಡಿಕೊಂಡವು. ಅಲೆಗಳು ೩೦ ಮೀಟರಿನವರೆಗೆ ಎದ್ದುವು. ದೋಣಿ ಮರಳಲಿಲ್ಲ. ಮಂಜುಗಡ್ಡೆಯ ಯಂತ್ರ ಕೆಟ್ಟಿತೆಂದು, ಹಿಡಿದ ಮೀನು ಹಾಳಾಗುವ ಮುನ್ನ ಊರು ಸೇರಲು ಅವರು ಬಿರುಗಾಳಿಗೆ ನುಗ್ಗಿದರೆಂದು ಚಿತ್ರ ತೋರಿಸುತ್ತದೆ. ಆದರೆ ಅವರ ಕೊನೆಯ ಗಳಿಗೆಗಳನ್ನು ಕಂಡು ಬಂದು ಹೇಳಿದವರಿಲ್ಲ. ಆ ದೃಶ್ಯಗಳು ಕಲ್ಪಿತ.

ಇಂತಹ ಶೋಕ ಕನ್ನಡ ಕರಾವಳಿಗೂ ಬಂದಿದೆ. ೨೦೧೮ರ ಡಿಸೆಂಬರ್ ೧೩ರಂದು ಉಡುಪಿಯ ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿಯೊಡನೆ ಹೊರಟಿತು. ಎರಡು ದಿನಗಳ ತರುವಾಯ ಅದರ ಸಂಪರ್ಕ ಕಡಿದುಹೋಯಿತು. ಬಂಧುಗಳು ತಿಂಗಳುಗಟ್ಟಲೆ ದಡದಲ್ಲಿ ಕಾದರು. ಸಾವಿರಾರು ಮೀನುಗಾರರು ಬೀದಿಗಿಳಿದು, ಶೋಧಕಾರ್ಯ ನಿಲ್ಲಕೂಡದೆಂದು ಆಗ್ರಹಪಡಿಸಿದರು. ಕಡೆಗೆ ಮೀನುಗಾರರಲ್ಲಿ ಕೆಲವರು ನೌಕಾಪಡೆಯ ‘ನಿರೀಕ್ಷಕ್’ ಹಡಗನ್ನೇರಿ ಶೋಧಕ್ಕೆ ಜೊತೆಗೂಡಿದರು. ೨೦೧೯ರ ಮೇ ಆರಂಭದಲ್ಲಿ ಮಹಾರಾಷ್ಟ್ರದ ಮಾಲವಣದಿಂದಾಚೆಗೆ, ಸುಮಾರು ೬೦ ಮೀಟರ್ ಆಳದಲ್ಲಿ, ದೋಣಿಯ ಅವಶೇಷ ದೊರೆಯಿತು. ಹೋದವರು ಮಾತ್ರ ಹಿಂದಿರುಗಲಿಲ್ಲ.

ವಿದ್ಯಾರ್ಥಿಗಳೇ, ಬಿರುಗಾಳಿಗೆ ಎದೆಯೊಡ್ಡುವುದನ್ನೇ ಧೈರ್ಯವೆಂದು ಚಿತ್ರ ನೋಡಿದವರು ತಿಳಿಯಬಹುದು. ಮೀನುಗಾರರ ಬಾಳು ಬೇರೊಂದನ್ನು ಕಲಿಸುತ್ತದೆ. ಪ್ರತಿ ವರ್ಷ ಜೂನ್, ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಯಂತ್ರದೋಣಿಗಳು ದಡದಲ್ಲಿಯೇ ನಿಲ್ಲುತ್ತವೆ. ಆಗ ಮೀನು ಮರಿಮಾಡುವ ಕಾಲ, ಕಡಲೂ ಮುಳಿದಿರುತ್ತದೆ. ಸಂಪಾದನೆಯಿಲ್ಲದೆ ಆ ದಿನಗಳನ್ನು ತಾಳಿಕೊಳ್ಳುವುದು, ಮುನ್ಸೂಚನೆ ಬಂದೊಡನೆ ಬಲೆಯನ್ನೆತ್ತಿ ಹಿಂದಿರುಗುವುದು ಧೈರ್ಯವೇ. ಸಂಗಡಿಗರನ್ನು ನುಂಗಿದ ನೀರಿಗೆ ಅವರನ್ನರಸಿ ಹೋಗುವುದಂತೂ ಪರಮಧೈರ್ಯ. ಅಂಥವರ ದುಡಿಮೆಯಿಂದ ಅನೇಕ ಮನೆಗಳ ಒಲೆ ಉರಿಯುತ್ತದೆ. ನಮ್ಮ ಸಂತೆಗೆ ಬರುವ ಒಣಮೀನಿನ ಬುಟ್ಟಿಯನ್ನು ಕಂಡಾಗ, ಅದರ ಹಿಂದೆ ಅಂತಹ ಒಂದು ಬಾಳಿದೆಯೆಂಬುದನ್ನು ನೆನೆಯೋಣ.